ಮೆಟ್ರೊ ಇಳಿದು ತಿಂಡಿಗೆ: ನನ್ನ ಮತ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ

ಕಾರಿಲ್ಲದೆ ಬೆಂಗಳೂರಿನಲ್ಲಿ ಒಳ್ಳೆಯ ತಿಂಡಿ ತಿನ್ನಬೇಕೆಂದರೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಮಲ್ಲೇಶ್ವರದ ಅಭಿಮಾನಿಗಳೂ ಲಾಲ್‌ಬಾಗ್ ಬಳಿಯ ಎಂಟಿಆರ್ ಹೋಟೆಲಿನ ಭಕ್ತರೂ ನಮ್ಮ ಮನೆಯಲ್ಲೇ ಇದ್ದಾರೆ. ಅವರೊಡನೆ ವಾದಿಸಿಯೇ ಈ ಮಾತು ಹೇಳುತ್ತಿದ್ದೇನೆ. ನಾವಿರುವುದು ವಿಜಯನಗರದಲ್ಲಿ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಕೆಳಗಿಳಿದು ಹಸಿರು ಮಾರ್ಗ ಹಿಡಿಯಬೇಕು. ಅಲ್ಲಿಂದ ಒಂದು ದಿಕ್ಕಿಗೆ ಮೊದಲ ನಿಲ್ದಾಣವೇ ಸಂಪಿಗೆ ರಸ್ತೆ, ಅಂದರೆ ಮಲ್ಲೇಶ್ವರ. ಇನ್ನೊಂದು ದಿಕ್ಕಿಗೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ದಾಟಿದರೆ ನ್ಯಾಷನಲ್ ಕಾಲೇಜು, ಅದರ ಮುಂದೆ ಲಾಲ್‌ಬಾಗ್.

ಎಂಟಿಆರ್‌ನ ರುಚಿಯ ಬಗ್ಗೆ ನನ್ನ ತಕರಾರಿಲ್ಲ. 1924ರಿಂದ ನಡೆದು ಬಂದ ಹೆಸರು. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಹುಟ್ಟಿತೆನ್ನುವ ರವೆ ಇಡ್ಲಿಯನ್ನು ಅಲ್ಲಿಯೇ ತಿನ್ನಬೇಕು. ಮಸಾಲೆ ದೋಸೆಯ ಜೊತೆ ಪುಟ್ಟ ಬಟ್ಟಲಿನಲ್ಲಿ ತುಪ್ಪ ಬರುತ್ತದೆ. ತೊಂದರೆ ಇರುವುದು ದಾರಿಯಲ್ಲಿ. ಲಾಲ್‌ಬಾಗ್ ರಸ್ತೆಯ ಹೋಟೆಲು, ಲಾಲ್‌ಬಾಗ್ ಹೆಸರಿನ ನಿಲ್ದಾಣ, ಇಳಿದರೆ ಎದುರಿಗೇ ಇರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ನಿಲ್ದಾಣ ಇರುವುದು ತೋಟದ ಪಶ್ಚಿಮ ದ್ವಾರದ ಕಡೆಗೆ, ಹೋಟೆಲು ಮಾವಳ್ಳಿಯಲ್ಲಿ, ಮುಖ್ಯ ದ್ವಾರದ ಕಡೆಗೆ. ನಡುವೆ ಇಡೀ ಲಾಲ್‌ಬಾಗ್ ಮಲಗಿದೆ.

ಬೆಳಗಿನ ವಾಯುವಿಹಾರದ ಹೊತ್ತಿನಲ್ಲಾದರೆ ಈ ದೂರವೇ ಒಂದು ಸುಖ. ಆಗ ಟಿಕೆಟ್ ಇಲ್ಲ, ಒಳಗೆ ನುಗ್ಗಿ ಮರಗಳ ನೆರಳಿನಲ್ಲಿ ಗಾಜಿನಮನೆಯ ಬದಿಯಿಂದ ನಡೆದು ಆಚೆ ಹೊರಬರಬಹುದು. ಹಸಿವೂ ಚೆನ್ನಾಗಿ ಆಗುತ್ತದೆ. ಆ ಹೊತ್ತು ಮೀರಿದರೆ ತೋಟ ದಾಟುವುದಕ್ಕೇ ಟಿಕೆಟ್ ಕೊಳ್ಳಬೇಕು, ಇಲ್ಲವೇ ಕಾಂಪೌಂಡಿನ ಹೊರಗೆ ಬಿಸಿಲಿನಲ್ಲಿ ಸುತ್ತಿ ಬರಬೇಕು. ಶಿವಮೊಗ್ಗದಿಂದ ಬಂದಿದ್ದ ಚಿಕ್ಕಮ್ಮನನ್ನು ಕರೆದುಕೊಂಡು ನಾನು ಅಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಅವರಿಗೆ ಮಂಡಿನೋವು. ಮೀಟರಿನ ಕನಿಷ್ಠ ದರ 36 ರೂಪಾಯಿ ಇರುವಾಗ ಮೊದಲ ಆಟೊದವರು ನೂರು ಕೇಳಿದರು. ಎರಡನೆಯವರು, "ಅಷ್ಟು ಹತ್ತಿರಕ್ಕೆ ಬರುವುದಿಲ್ಲಮ್ಮ" ಎಂದು ಮುಖ ತಿರುಗಿಸಿದರು. "ಬಿಡೇ, ನಡೆದೇ ಹೋಗೋಣ" ಎಂದು ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಎತ್ತಿಟ್ಟ ಕಲ್ಲುಹಾಸು, ನಡುವೆ ನಿಲ್ಲಿಸಿದ ಬೈಕು, ಪ್ರತಿ ಸಲವೂ ರಸ್ತೆಗೆ ಇಳಿದು ಮತ್ತೆ ಹತ್ತಬೇಕು. ಹೋಟೆಲು ಮುಟ್ಟುವಾಗ ಅವರಿಗೆ ಬೇಕಾಗಿದ್ದದ್ದು ರವೆ ಇಡ್ಲಿಯಲ್ಲ, ಕೂರಲು ಒಂದು ಕುರ್ಚಿ. ಹಿರಿಯರನ್ನು ಕರೆದೊಯ್ಯುವವರು ಲಾಲ್‌ಬಾಗ್ ಮುಖ್ಯ ದ್ವಾರದ ಕಡೆ ಹೋಗುವ ಬಸ್ಸನ್ನೇ ಹಿಡಿಯಿರಿ. ಸೋಮವಾರವಂತೂ ಹೋಗಬೇಡಿ, ಅಂದು ರಜೆ.

ಮಲ್ಲೇಶ್ವರದ ದಾರಿ ಇದಕ್ಕಿಂತ ಎಷ್ಟೋ ಮೇಲು. ಸಂಪಿಗೆ ರಸ್ತೆ ನಿಲ್ದಾಣದಿಂದ ಮಾರ್ಗೋಸಾ ರಸ್ತೆಯ ಸಿಟಿಆರ್ ಹೋಟೆಲಿಗೆ ನಡೆಯುವುದು ಬೇಸರ ತರುವುದಿಲ್ಲ, ಎಂಟನೇ ಕ್ರಾಸಿನ ಹೂವು ಹಣ್ಣು ನೋಡುತ್ತಾ ಹೋದರಾಯಿತು. ಬೆಣ್ಣೆ ಮಸಾಲೆ ದೋಸೆಯ ಅಂಚು ಮುರಿದರೆ ಸದ್ದು ಕೇಳುತ್ತದೆ, ಬೆರಳಿಗೆ ಬೆಣ್ಣೆ ಅಂಟುತ್ತದೆ. ಆದರೆ ನನಗೆ ಬೆಳಿಗ್ಗೆ ಅಷ್ಟು ಬೆಣ್ಣೆ ಒಗ್ಗುವುದಿಲ್ಲ. ಇಡ್ಲಿ ಬೇಕೆಂದರೆ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ವರೆಗೆ ನಡೆಯಬೇಕು, ಅದು ಇನ್ನೂ ಮುಂದೆ.

ಈಗ ನನ್ನ ಜಾಗ. ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಒಂದು ಕಡೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇನ್ನೊಂದು ಕಡೆ; ಎರಡಕ್ಕೂ ಕಾಲ್ನಡಿಗೆ ಸಾಕು. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಇಷ್ಟೇ. ಸಾಂಬಾರ್ ಇಲ್ಲ. ಮೊದಲ ಸಲ ಹೋದವರು ಅದನ್ನು ಕೊರತೆ ಎನ್ನುತ್ತಾರೆ, ತಿಂದ ಮೇಲೆ ಸುಮ್ಮನಾಗುತ್ತಾರೆ. ಇಡ್ಲಿಯ ಮೇಲೆ ತೆಳುವಾದ ಬಿಳಿ ಚಟ್ನಿಯನ್ನು ಧಾರಾಳವಾಗಿ ಸುರಿಯುತ್ತಾರೆ, ಮುಗಿದರೆ ತಟ್ಟೆ ಹಿಡಿದು ಮತ್ತೆ ಹೋಗಿ ನಿಂತರೆ ಮತ್ತೆ ಸುರಿಯುತ್ತಾರೆ. ನಿಂತೇ ತಿನ್ನಬೇಕು. ಕಚೇರಿಗೆ ಹೊರಟ ನನ್ನಂಥವಳಿಗೆ ಅದೇ ಅನುಕೂಲ, ಕುರ್ಚಿಗಾಗಿ ಕಾಯುವ ಮಾತೇ ಇಲ್ಲ.

ವಿದ್ಯಾರ್ಥಿ ಭವನ 1943ರದು. ಅಲ್ಲಿ ಕಾಯಬೇಕು, ಭಾನುವಾರವಂತೂ ಬಹಳ. ಆದರೆ ಒಳಗೆ ಕೂತು, ಪಂಚೆಯುಟ್ಟ ಮಾಣಿ ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಿದರೆ ಕಾದದ್ದು ಮರೆತುಹೋಗುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಇಂಥ ದೋಸೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಸಂಜೆಯಾದರೆ ವಿ.ವಿ. ಪುರದ ತಿಂಡಿ ಬೀದಿಯೂ ಇದೇ ನಿಲ್ದಾಣದ ಹತ್ತಿರ.

ಖರ್ಚಿನ ಮಾತು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಮನೆಮಂದಿಯೆಲ್ಲ ಹೊರಟರೆ ಪ್ರಯಾಣದ ಲೆಕ್ಕವೂ ಭಾರ. ನಾವು ಹೆಂಗಸರೇ ಹೊರಟಾಗ ಮೆಜೆಸ್ಟಿಕ್‌ನಿಂದ ಗಾಂಧಿ ಬಜಾರಿಗೆ ಸಾಮಾನ್ಯ ಬಸ್ಸು ಹತ್ತುತ್ತೇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅದು ಉಚಿತ. ಉಳಿದ ದುಡ್ಡಿಗೆ ಇನ್ನೊಂದು ಕಾಫಿ.

ರಜೆಯ ಲೆಕ್ಕವೂ ಇಲ್ಲಿ ಹೊಂದಿಕೆಯಾಗುತ್ತದೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಿನ್ಸ್‌ಗೆ ಭಾನುವಾರ. ಶುಕ್ರವಾರ ಬಂದ ನೆಂಟರಿಗೆ ಇಡ್ಲಿ, ಭಾನುವಾರ ಬಂದವರಿಗೆ ದೋಸೆ, ಎರಡಕ್ಕೂ ಇಳಿಯುವ ನಿಲ್ದಾಣ ಒಂದೇ.