ವಾಯ್ಸ್ ಚಾಟ್‌ಗೆ ‘ವೆರಿಫೈ’ ಆಗಿ ಎನ್ನುವ ಮೈನ್‌ಕ್ರಾಫ್ಟ್ ಸರ್ವರ್‌ಗಳು: ಅಕೌಂಟ್ ಕೈತಪ್ಪುವುದು ಹೀಗೆ

ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಮೈಕ್ ಆನ್ ಆಗಬೇಕಾದರೆ ನಿಮ್ಮ ಇಮೇಲ್‌ಗೆ ಬಂದ ಕೋಡ್ ಕೊಡಿ ಎಂದು ಯಾರಾದರೂ ಕೇಳಿದರೆ, ಮುಂದೆ ಓದುವ ಮುಂಚೆಯೇ ಆ ಪುಟ ಮುಚ್ಚಿ. ಈಗಾಗಲೇ ಕೊಟ್ಟಿದ್ದರೆ ‘ಕೋಡ್ ಕೊಟ್ಟಾಗಿದೆಯೇ’ ಎಂದು ಶುರುವಾಗುವ ಪ್ಯಾರಾಕ್ಕೆ ನೇರ ಹೋಗಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಮೋಸದ ವರಸೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹೊಸಬ ಸರ್ವರ್‌ಗೆ ಬಂದು ಸ್ಪಾನ್‌ನಲ್ಲಿ (ಆಟ ಶುರುವಾಗುವ ಜಾಗದಲ್ಲಿ) ಇಳಿಯುತ್ತಲೇ ಎದುರಿಗೆ ಬೋರ್ಡು: ‘ಇಲ್ಲಿ ಪ್ರಾಕ್ಸಿಮಿಟಿ ವಾಯ್ಸ್ ಇದೆ, ಡಿಸ್ಕಾರ್ಡ್‌ಗೆ ಬಂದು ವೆರಿಫೈ ಆಗಿ’. ಪ್ರಾಕ್ಸಿಮಿಟಿ ವಾಯ್ಸ್ ಎಂದರೆ ಆಟದಲ್ಲಿ ಹತ್ತಿರ ಇರುವವರಿಗೆ ಕೇಳಿಸುವ ಮೈಕ್ ಮಾತು, ಡಿಸ್ಕಾರ್ಡ್ ಎಂದರೆ ಆಟಗಾರರು ಹರಟುವ ಆ್ಯಪ್. ಪಕ್ಕದಲ್ಲಿ ನಿಂತ ಇಬ್ಬರು ಮೂವರು ‘ಟೈಪ್ ಮಾಡ್ತಾ ಕೂರಬೇಡ, ವಾಯ್ಸ್‌ಗೆ ಬಾ’ ಎಂದು ಕರೆಯುತ್ತಾರೆ. ಡಿಸ್ಕಾರ್ಡ್‌ನಲ್ಲಿ ತೆರೆದಿರುವುದು ಒಂದೇ ಚಾನೆಲ್, ಅದರಲ್ಲಿ ಒಂದು ಬಾಟ್ (ತಾನಾಗಿ ಉತ್ತರಿಸುವ ಪ್ರೋಗ್ರಾಂ), ಒಂದು ಹಸಿರು ಬಟನ್. ಒತ್ತಿದರೆ ಪುಟ್ಟ ಫಾರ್ಮ್: ಆಟದಲ್ಲಿನ ಹೆಸರು, ಮೈಕ್ರೋಸಾಫ್ಟ್ ಇಮೇಲ್. ಪಾಸ್‌ವರ್ಡ್ ಕೇಳುವುದೇ ಇಲ್ಲ. ಜನ ಎಡವುವುದು ಇಲ್ಲಿಯೇ. ಪಾಸ್‌ವರ್ಡ್ ಕೇಳಲಿಲ್ಲವಲ್ಲ, ಇಮೇಲ್ ಕೊಟ್ಟರೆ ಏನು ಹೋಯಿತು ಅನ್ನಿಸುತ್ತದೆ. ಕೆಲವೇ ಕ್ಷಣದಲ್ಲಿ ಮೈಕ್ರೋಸಾಫ್ಟ್‌ನಿಂದ ಒಂದು ಇಮೇಲ್ ಬರುತ್ತದೆ. ಅದು ನಕಲಿಯಲ್ಲ, ಅಪ್ಪಟ ಮೈಕ್ರೋಸಾಫ್ಟ್‌ನದೇ. ಒಳಗೆ ಒಮ್ಮೆ ಮಾತ್ರ ಬಳಸುವ ಕೋಡ್. ‘ಆ ಕೋಡ್ ಇಲ್ಲಿ ಹಾಕಿ’ ಎನ್ನುತ್ತದೆ ಬಾಟ್.

ಮೈನ್‌ಕ್ರಾಫ್ಟ್ ಆಡಲು ಬಳಸುವ ಮೈಕ್ರೋಸಾಫ್ಟ್ ಅಕೌಂಟ್‌ಗೆ ಪಾಸ್‌ವರ್ಡ್ ಇಲ್ಲದೆಯೂ ಲಾಗಿನ್ ಆಗಬಹುದು. ಇಮೇಲ್ ಹಾಕಿ ‘ಕೋಡ್ ಕಳಿಸಿ’ ಅಂದರೆ ಸಾಕು. ನೀವು ಫಾರ್ಮ್ ತುಂಬಿದ ಕೂಡಲೇ ಆ ಕಡೆಯವರು ಮಾಡುವುದು ಇಷ್ಟೇ. ಅಂದರೆ ಆ ಕೋಡೇ ಪಾಸ್‌ವರ್ಡ್. ಅದನ್ನು ಬಾಟ್‌ಗೆ ಕೊಟ್ಟರೆ ಅವರು ಒಳಗೆ. ಆಮೇಲೆ ‘ಕೋಡ್ ಎಕ್ಸ್‌ಪೈರ್ ಆಯಿತು, ಇನ್ನೊಂದು ಬಂದಿದೆ, ಅದನ್ನೂ ಹಾಕಿ’ ಎಂದರೆ ಇನ್ನೂ ಕೆಟ್ಟದ್ದು. ಆ ಎರಡನೆಯ ಕೋಡ್ ಸಾಮಾನ್ಯವಾಗಿ ಅಕೌಂಟ್‌ನ ಸೆಕ್ಯುರಿಟಿ ಮಾಹಿತಿ ಬದಲಿಸುವುದಕ್ಕೆ ಬೇಕಾದದ್ದು. ಅದೂ ಹೋಯಿತೆಂದರೆ ನಿಮ್ಮ ಇಮೇಲ್ ತೆಗೆದು ಅವರದನ್ನು ಸೇರಿಸಲು ಅಡ್ಡಿಯಿಲ್ಲ.

ಇದಕ್ಕೊಂದು ತಮ್ಮನೂ ಉಂಟು. ಬಾಟ್ ಕೋಡ್ ಕೇಳುವುದಿಲ್ಲ, ತಾನೇ ಒಂದು ಕೋಡ್ ಕೊಟ್ಟು ಮೈಕ್ರೋಸಾಫ್ಟ್‌ನ ಸೈಟ್‌ನಲ್ಲಿ ಹಾಕಲು ಹೇಳುತ್ತದೆ. ಸೈಟ್ ಅಸಲಿ, ಬೀಗದ ಗುರುತೂ ಸರಿಯಾಗಿದೆ, ಆದರೆ ಆ ಪುಟ ಇರುವುದು ಟಿವಿ, ಗೇಮ್ ಕನ್ಸೋಲ್‌ಗಳಂಥ ಬೇರೊಂದು ಸಾಧನವನ್ನು ನಿಮ್ಮ ಅಕೌಂಟ್‌ಗೆ ಲಾಗಿನ್ ಮಾಡಿಸಲು. ಇಲ್ಲಿ ಆ ‘ಸಾಧನ’ ಕಳ್ಳನ ಪ್ರೋಗ್ರಾಂ. ಮೂರನೆಯದು ಕ್ಯೂಆರ್ ಕೋಡ್: ‘ವೆರಿಫೈ ಆಗಲು ಡಿಸ್ಕಾರ್ಡ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ’. ಸ್ಕ್ಯಾನ್ ಮಾಡಿ ಒಪ್ಪಿಗೆ ಒತ್ತಿದರೆ ಡಿಸ್ಕಾರ್ಡ್ ಅಕೌಂಟೇ ಅವರ ಕಂಪ್ಯೂಟರ್‌ನಲ್ಲಿ ತೆರೆದುಕೊಳ್ಳುತ್ತದೆ. ಮಾರನೆಯ ದಿನ ನಿಮ್ಮ ಹೆಸರಿನಲ್ಲೇ ನಿಮ್ಮ ಸ್ನೇಹಿತರಿಗೆ ‘ಈ ಸರ್ವರ್‌ಗೆ ಬಾ’ ಎಂಬ ಕರೆ ಹೋಗುತ್ತದೆ.

ಹಾಗಾದರೆ ಡಿಸ್ಕಾರ್ಡ್ ಲಿಂಕ್ ಮಾಡಿಸುವ ಸರ್ವರ್‌ಗಳೆಲ್ಲ ಕಳ್ಳರೇ? ಖಂಡಿತ ಅಲ್ಲ. ಕೋಡ್ ಎಲ್ಲಿಂದ ಹುಟ್ಟಿತು ಎಂದು ನೋಡಿ. ಡಿಸ್ಕಾರ್ಡ್‌ಎಸ್‌ಆರ್‌ವಿಯಂಥ ಪ್ಲಗಿನ್‌ನಲ್ಲಿ (ಸರ್ವರ್‌ಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ನೀವು ಆಟದ ಒಳಗೆ ಕಮಾಂಡ್ ಕೊಟ್ಟಾಗ ಸರ್ವರ್ ಒಂದು ಚಿಕ್ಕ ಸಂಖ್ಯೆ ತೋರಿಸುತ್ತದೆ, ಅದನ್ನು ನೀವು ಬಾಟ್‌ಗೆ ಕಳಿಸುತ್ತೀರಿ. ಆಟದಲ್ಲಿ ಹುಟ್ಟಿದ ಸಂಖ್ಯೆ ಅದು, ನಿಮ್ಮ ಲಾಗಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿದ ಸಂಖ್ಯೆ ಮಾತ್ರ ಮೈಕ್ರೋಸಾಫ್ಟ್‌ನ ಪುಟ ಬಿಟ್ಟು ಬೇರೆಲ್ಲಿಗೂ ಹೋಗಕೂಡದು.

ವಾಯ್ಸ್‌ನ ವಿಷಯಕ್ಕೆ ಬಂದರೆ ಇನ್ನೂ ಸುಲಭದ ಪರೀಕ್ಷೆ ಇದೆ. ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಎಡಿಷನ್‌ನ ಆಟಕ್ಕೆ ತನ್ನದೇ ಆದ ವಾಯ್ಸ್ ಚಾಟ್ ಇಲ್ಲ. ರಸ್ಟ್, ಗ್ಯಾರೀಸ್ ಮಾಡ್ ಎಂಬ ಬೇರೆ ಆಟಗಳಲ್ಲಿ ಅದು ಆಟದೊಳಗೇ ಬರುತ್ತದೆ, ಇಲ್ಲಿ ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಹಾಕಿಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವುದು ಸಿಂಪಲ್ ವಾಯ್ಸ್ ಚಾಟ್ ಮತ್ತು ಪ್ಲಾಸ್ಮೋ ವಾಯ್ಸ್. ಸಿಂಪಲ್ ವಾಯ್ಸ್ ಚಾಟ್‌ಗೆ ಅಕೌಂಟ್ ಇಲ್ಲ, ಲಾಗಿನ್ ಇಲ್ಲ, ವೆರಿಫಿಕೇಷನ್ ಇಲ್ಲ. ಮಾಡ್ ಹಾಕಿ ಸರ್ವರ್ ಸೇರಿದರೆ ಆಯಿತು, ಗುರುತಿನ ಕೀಲಿಯನ್ನು ಸರ್ವರ್ ತಾನೇ ಕೊಡುತ್ತದೆ. ‘ವಿ’ ಕೀ ಒತ್ತಿದರೆ ಮೆನು, ಕ್ಯಾಪ್ಸ್ ಲಾಕ್ ಹಿಡಿದು ಮಾತು, ಅಷ್ಟೇ ವ್ಯವಹಾರ. ಆ ಮಾಡ್‌ನ ಹೆಸರು ಹೇಳಿ ಇಮೇಲ್ ಕೇಳುವವನು ಮಾಡ್‌ಗೆ ಬೇಕಾಗಿ ಕೇಳುತ್ತಿಲ್ಲ.

ಕೋಡ್ ಕೊಟ್ಟಾಗಿದೆಯೇ? ಬೇರೊಂದು ಸಾಧನದಿಂದ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ ಸೆಕ್ಯುರಿಟಿ ಪುಟದಲ್ಲಿ ಪರಿಚಯವಿಲ್ಲದ ಇಮೇಲ್, ಫೋನ್ ನಂಬರ್, ಅಥೆಂಟಿಕೇಟರ್ (ಲಾಗಿನ್ ಖಚಿತಪಡಿಸುವ ಆ್ಯಪ್) ಏನಾದರೂ ಸೇರಿದೆಯೇ ನೋಡಿ ತೆಗೆಯಿರಿ. ಅಕೌಂಟ್‌ನ ಅಲಿಯಾಸ್ (ಅದೇ ಅಕೌಂಟ್‌ಗೆ ಲಾಗಿನ್ ಆಗಬಲ್ಲ ಬೇರೆ ಇಮೇಲ್) ಪಟ್ಟಿಯನ್ನೂ ಮರೆಯದೆ ನೋಡಿ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಕೊನೆಗೆ ‘ಎಲ್ಲ ಕಡೆಯಿಂದ ಸೈನ್ ಔಟ್’ ಕೊಡಿ. ಇದು ತಕ್ಷಣ ಆಗುವುದಿಲ್ಲ, 24 ಗಂಟೆವರೆಗೆ ಹಿಡಿಯಬಹುದು. ಅಷ್ಟರಲ್ಲಿ ಕಳ್ಳ ಇನ್ನೂ ಆಡುತ್ತಿರುವುದು ಕಂಡರೆ ಗಾಬರಿಯಾಗಬೇಡಿ. ನಿಮ್ಮ ಸೆಕ್ಯುರಿಟಿ ಮಾಹಿತಿಯೆಲ್ಲ ಬದಲಾಗಿ, ಹಳೆಯದಕ್ಕೆ ಕೋಡ್ ಬರುವುದೇ ನಿಂತಿದ್ದರೆ ಮಾಹಿತಿಯನ್ನು ಹೊಸದಾಗಿ ಹಾಕಲು ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಆ ಅವಧಿಯಲ್ಲಿ ‘ಹಣ ಕೊಡಿ, ಅಕೌಂಟ್ ವಾಪಸ್ ಕೊಡಿಸುತ್ತೇವೆ’ ಎಂದು ಬರುವವರು ಅದೇ ಗುಂಪಿನವರೆಂದು ತಿಳಿಯುವುದು ಕ್ಷೇಮ.

ಇನ್ನು ಕೋಡ್ ಕೇಳದೆ ಫೈಲ್ ಕೊಡುವವರು. ‘ನಮ್ಮ ಸರ್ವರ್‌ಗೆ ಸಾಮಾನ್ಯ ವಾಯ್ಸ್ ಮಾಡ್ ನಡೆಯಲ್ಲ, ನಮ್ಮದೇ ಆವೃತ್ತಿ ಹಾಕಿಕೊಳ್ಳಿ’ ಎಂದು ಚಾಟ್‌ನಲ್ಲಿ ಲಿಂಕ್ ಬರುತ್ತದೆ. ಇದರಲ್ಲಿ ಅರ್ಧ ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ. ಮಾಡ್ ಇಲ್ಲದವರನ್ನು ಹೊರಹಾಕುವ ಸೆಟ್ಟಿಂಗ್ ಸಿಂಪಲ್ ವಾಯ್ಸ್ ಚಾಟ್‌ನಲ್ಲಿ ನಿಜಕ್ಕೂ ಇದೆ. ಅದು ಆನ್ ಆಗಿದ್ದರೆ, ಗಡುವು ಬದಲಿಸದಿದ್ದಲ್ಲಿ, ಸುಮಾರು 10 ಸೆಕೆಂಡಿನಲ್ಲಿ ನೀವು ಆಚೆ ಬಂದಿರುತ್ತೀರಿ. ಅಷ್ಟಕ್ಕೆ ಸರ್ವರ್‌ನವರು ಕೆಟ್ಟವರಲ್ಲ. ಆದರೆ ಮಾಡ್ ತರಬೇಕಾದದ್ದು ಮಾಡ್‌ಗಳ ಸೈಟ್‌ಗಳಾದ ಮಾಡ್ರಿಂತ್ ಅಥವಾ ಕರ್ಸ್‌ಫೋರ್ಜ್‌ನಲ್ಲಿರುವ ಅದರ ಸ್ವಂತ ಪುಟದಿಂದ, ನಿಮ್ಮ ಆಟದ ಆವೃತ್ತಿಗೆ ಮತ್ತು ನಿಮ್ಮ ಲೋಡರ್‌ಗೆ (ಮಾಡ್‌ಗಳನ್ನು ಆಟಕ್ಕೆ ಸೇರಿಸುವ ಪ್ರೋಗ್ರಾಂ) ಸರಿಹೊಂದುವುದನ್ನು ನೋಡಿ. ಫ್ಯಾಬ್ರಿಕ್ ಎಂಬ ಲೋಡರ್‌ನ ಫೈಲನ್ನು ಫೋರ್ಜ್ ಎಂಬ ಲೋಡರ್‌ಗೆ ಹಾಕಿದರೆ ನಡೆಯುವುದಿಲ್ಲ. ‘ಮಾಡ್ ಕೆಲಸ ಮಾಡಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇಷ್ಟೇ ಇರುತ್ತದೆ, ಆ ಹೊತ್ತಿಗೇ ‘ನಮ್ಮದೇ ಆವೃತ್ತಿ’ಯವನು ಸಹಾಯಕ್ಕೆ ಹಾಜರಾಗುತ್ತಾನೆ.

ಮಾಡ್ ಎಂದರೆ ಜಾರ್ (.jar) ಫೈಲ್, ಎಕ್ಸ್‌ಇ (.exe) ಅಲ್ಲ. ಇನ್‌ಸ್ಟಾಲರ್ ಕೊಟ್ಟರೆ ಅಲ್ಲಿಗೇ ಬಿಡಿ. ಜಾರ್ ಆದರೂ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಬೇರಾವುದೇ ಪ್ರೋಗ್ರಾಂನಂತೆ ಓಡುತ್ತದೆ. ಆಟದ ಬೇಲಿಯೊಳಗೆ ಕಟ್ಟಿಹಾಕಿರುವುದಿಲ್ಲ. ಬ್ರೌಸರ್‌ನ ಕುಕೀಸ್, ಲಾಂಚರ್‌ನ ಲಾಗಿನ್ ಟೋಕನ್ (ಪಾಸ್‌ವರ್ಡ್ ಮತ್ತೆ ಕೇಳದಂತೆ ಉಳಿಸಿದ ಗುರುತು) ಎಲ್ಲ ಅದರ ಕೈಗೆಟುಕುತ್ತವೆ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎಂಬ ಮಾಲ್‌ವೇರ್ ಕರ್ಸ್‌ಫೋರ್ಜ್ ಮತ್ತು ಸರ್ವರ್ ಪ್ಲಗಿನ್‌ಗಳ ಬುಕಿಟ್‌ನ ಸೈಟ್‌ಗಳಲ್ಲಿದ್ದ ಮಾಡ್, ಪ್ಲಗಿನ್‌ಗಳಲ್ಲೇ ಸೇರಿಕೊಂಡಿತ್ತು. ಅದು ಪಾಸ್‌ವರ್ಡ್, ಟೋಕನ್ ಕದಿಯುವುದರ ಜೊತೆಗೆ ಕಂಪ್ಯೂಟರ್‌ನಲ್ಲಿದ್ದ ಬೇರೆ ಜಾರ್ ಫೈಲ್‌ಗಳಿಗೂ ಹಬ್ಬುತ್ತಿತ್ತು. ಹೆಸರಾಂತ ಜಾಗದಲ್ಲೇ ಹೀಗಾದ ಮೇಲೆ ಚಾಟ್‌ನಲ್ಲಿ ಬಂದ ಲಿಂಕ್‌ನ ಮಾತೇನು! ಹಾಕಿಕೊಂಡಿದ್ದರೆ ಆ ಜಾರ್ ಒಂದನ್ನು ಅಳಿಸಿ ಸುಮ್ಮನಾಗುವಂತಿಲ್ಲ. ಆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿದ್ದ ಎಲ್ಲದರ ಪಾಸ್‌ವರ್ಡ್‌ಗಳನ್ನೂ ಬೇರೆ ಸಾಧನದಿಂದ ಬದಲಿಸಬೇಕು.

ಅಂದ ಹಾಗೆ, ಮಾಡ್ ಇಲ್ಲದ ಮಾಮೂಲಿ ಆಟಕ್ಕೆ ಸರ್ವರ್ ತಾನಾಗಿ ಮಾಡ್ ಇಳಿಸಲಾರದು. ಅದು ಕಳಿಸಬಲ್ಲದ್ದು ರಿಸೋರ್ಸ್ ಪ್ಯಾಕ್ ಮಾತ್ರ, ಅದರಲ್ಲಿ ಚಿತ್ರ, ಶಬ್ದ ಇರುತ್ತವೆಯೇ ಹೊರತು ಜಾವಾ ಕೋಡ್ ಓಡುವುದಿಲ್ಲ. ಹಾಗಾಗಿ ‘ಸರ್ವರ್ ಸೇರಿದ್ದಕ್ಕೇ ವೈರಸ್ ಬಂತು’ ಎನ್ನುವವರು ಸಾಮಾನ್ಯವಾಗಿ ನಡುವೆ ಒಂದು ಫೈಲ್ ಇಳಿಸಿಕೊಂಡದ್ದನ್ನು ಮರೆತಿರುತ್ತಾರೆ. 2021ರ ಡಿಸೆಂಬರ್‌ನ ಲಾಗ್4ಶೆಲ್ ಎಂಬ ಭದ್ರತಾ ದೋಷ ಇದಕ್ಕೆ ಅಪವಾದ. ಆಗ ಚಾಟ್‌ನಲ್ಲಿ ಬಂದ ಒಂದು ಸಾಲೇ ಸಾಕಾಗಿತ್ತು. ಸರಿಪಡಿಸದ ಹಳೆಯ ಆವೃತ್ತಿಯ ಕ್ಲೈಂಟ್‌ನಲ್ಲಿ (ನಿಮ್ಮ ಕಂಪ್ಯೂಟರ್‌ನಲ್ಲಿರುವ ಆಟದಲ್ಲಿ) ಗುರುತಿಲ್ಲದ ಸರ್ವರ್‌ಗೆ ಹೋಗಬೇಡಿ ಎನ್ನುವುದು ಅದಕ್ಕೇ.

ಈಗ, ಎಲ್ಲ ಸರಿಯಾಗಿರುವ ಸರ್ವರ್‌ನಲ್ಲೂ ಆಗುವ ಮೋಸ: ನೀವು ಮಾತಾಡಿದ್ದು ಯಾರಿಗೆ ಕೇಳಿಸುತ್ತದೆ ಎಂಬುದು. ಬೇರೆ ಬದಲಾವಣೆ ಇಲ್ಲದಿದ್ದರೆ ಸಿಂಪಲ್ ವಾಯ್ಸ್ ಚಾಟ್‌ನಲ್ಲಿ ದನಿ 48 ಬ್ಲಾಕ್‌ವರೆಗೆ (ಆಟದ ಜಗತ್ತು ಕಟ್ಟಿರುವ ಚೌಕಗಳೇ ಬ್ಲಾಕ್) ಹೋಗುತ್ತದೆ, ಪಿಸುಮಾತಿನ ಕೀ ಹಿಡಿದರೆ ಅದರ ಅರ್ಧ. ಗೋಡೆ ಕಟ್ಟಿ ಒಳಗೆ ಕೂತರೆ ಕೇಳಿಸುವುದಿಲ್ಲ ಎಂದುಕೊಳ್ಳುವವರು ಬಹಳ. ಮೂಲ ಮಾಡ್‌ಗೆ ಗೋಡೆ ಲೆಕ್ಕವಿಲ್ಲ, ದೂರ ಮಾತ್ರ. ನಿಮ್ಮ ಕೆಳಗೆ 30 ಬ್ಲಾಕ್ ಆಳದ ಗಣಿಯಲ್ಲಿರುವವನಿಗೂ ನಿಮ್ಮ ಬೇಸ್‌ನ ಮಾತು ತಲುಪುತ್ತದೆ. ಕಾಣದೆ ನೋಡುವ ಸ್ಪೆಕ್ಟೇಟರ್ ಮೋಡ್‌ನಲ್ಲಿ ತೇಲುತ್ತಿರುವ ಅಡ್ಮಿನ್‌ಗೂ ಕೇಳಿಸುತ್ತದೆ. ಅವನ ದನಿ ನಿಮಗೆ ಕೇಳಿಸಬೇಕಾದರೆ ಸರ್ವರ್‌ನಲ್ಲಿ ಬೇರೆ ಸೆಟ್ಟಿಂಗ್ ಆನ್ ಆಗಬೇಕು. ಸುತ್ತ ಯಾರೂ ಕಾಣದಿದ್ದರೆ ಯಾರೂ ಇಲ್ಲವೆಂದೇನೂ ಅಲ್ಲ.

ಗ್ರೂಪ್ ಮಾಡಿಕೊಂಡರೆ ಗುಟ್ಟು ಉಳಿಯುತ್ತದೆಯೇ ಎಂಬುದು ಗ್ರೂಪ್‌ನ ಬಗೆ ನೋಡಿ ಹೇಳಬೇಕು. ನಾರ್ಮಲ್ ಗ್ರೂಪ್‌ನಲ್ಲಿ ಹೊರಗಿನವರ ಮಾತು ನಿಮಗೆ ಕೇಳಿಸುತ್ತದೆ, ನಿಮ್ಮದು ಅವರಿಗಿಲ್ಲ. ಓಪನ್‌ನಲ್ಲಿ ಎರಡೂ ಕಡೆ ಕೇಳಿಸುತ್ತದೆ. ಐಸೋಲೇಟೆಡ್‌ನಲ್ಲಿ ಒಳಗಿನವರಿಗೆ ಒಳಗಿನವರು ಮಾತ್ರ. ಗ್ರೂಪ್‌ಗೆ ಪಾಸ್‌ವರ್ಡ್ ಇಟ್ಟ ಮಾತ್ರಕ್ಕೆ ಓಪನ್ ಇದ್ದದ್ದು ಮುಚ್ಚಿಕೊಳ್ಳುವುದಿಲ್ಲ. ಪಾಸ್‌ವರ್ಡ್ ತಡೆಯುವುದು ಸೇರುವವರನ್ನು, ಕೇಳುವವರನ್ನಲ್ಲ.

‘ಎನ್‌ಕ್ರಿಪ್ಟೆಡ್’ ಎಂಬ ಪದಕ್ಕೂ ಹೆಚ್ಚು ಮರುಳಾಗಬೇಡಿ. ದನಿ ಎನ್‌ಕ್ರಿಪ್ಟ್ ಆಗುವುದು ನಿಮಗೂ ಸರ್ವರ್‌ಗೂ ನಡುವೆ. ಸರ್ವರ್ ಅದನ್ನು ಬಿಚ್ಚಿ ಉಳಿದವರಿಗೆ ಹಂಚುತ್ತದೆ. ಸರ್ವರ್‌ನವರು ಬಯಸಿದರೆ ಒಂದು ಪ್ಲಗಿನ್‌ನಿಂದ ಎಲ್ಲರ ಮಾತನ್ನೂ ಹಿಡಿದಿಡಬಹುದು. ಆಟಗಾರರೂ ಮಾಡ್‌ನ ರೆಕಾರ್ಡಿಂಗ್ ಬಟನ್‌ನಿಂದ ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆ ಫೈಲ್ ಆಗಿ ಉಳಿಸಿಕೊಳ್ಳಬಹುದು. ಸರ್ವರ್ ಈ ಬಟನ್ ಆಫ್ ಮಾಡಿದ್ದರೂ ಸ್ಕ್ರೀನ್ ರೆಕಾರ್ಡರ್ ಇದ್ದೇ ಇದೆ. ಹಾಗೆಂದು ‘ವಾಯ್ಸ್‌ನಿಂದ ಎಲ್ಲರಿಗೂ ನಿಮ್ಮ ಐಪಿ (ಇಂಟರ್‌ನೆಟ್ ವಿಳಾಸ) ಗೊತ್ತಾಗುತ್ತದೆ’ ಎಂಬ ಗುಲ್ಲು ಈ ಮಾಡ್‌ನ ಮಟ್ಟಿಗೆ ನಿಜವಲ್ಲ. ದನಿ ಸರ್ವರ್ ಮೂಲಕವೇ ಹೋಗುವುದರಿಂದ ಐಪಿ ಕಾಣುವುದು ಸರ್ವರ್‌ಗೆ ಮಾತ್ರ, ಅದು ವಾಯ್ಸ್ ಇಲ್ಲದಿದ್ದರೂ ಕಾಣುತ್ತದೆ.

ಯಾರಾದರೂ ಹೊಲಸು ಬೈದರೆ ಆಟದ ಕಂಪನಿ ಮೊಜಾಂಗ್‌ಗೆ ದೂರು ಕೊಡೋಣವೆಂದರೆ ದಾರಿಯಿಲ್ಲ. 2022ರ 1.19.1 ಆವೃತ್ತಿಯಿಂದ ಬಂದ ಚಾಟ್ ರಿಪೋರ್ಟ್ ಟೈಪ್ ಮಾಡಿದ ಮಾತಿಗೆ. ಮಾಡ್‌ನಲ್ಲಿ ಆಡಿದ ಮಾತು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇದು ಗೊತ್ತಿರುವವರು ಟೈಪ್ ಮಾಡುವಾಗ ಸಭ್ಯರು, ಮೈಕ್‌ನಲ್ಲಿ ಬೇರೆ. ಹಾಗಾಗಿ ಮಕ್ಕಳು ಸೇರುವ ಮುಂಚೆ ನೋಡಬೇಕಾದದ್ದು ಸರ್ವರ್‌ನವರೇ ವಾಯ್ಸ್ ದೂರು ಪರಿಶೀಲಿಸುತ್ತಾರೆಯೇ ಎಂಬುದನ್ನು. ಮಗುವಿನ ಕಂಪ್ಯೂಟರ್‌ನಲ್ಲಿ ಮೈಕ್ ಅನ್ನು ವಾಯ್ಸ್ ಆ್ಯಕ್ಟಿವೇಷನ್‌ಗೆ ಬಿಡಬೇಡಿ, ಕೀ ಒತ್ತಿ ಮಾತಾಡುವುದಕ್ಕೇ ಇಡಿ. ಇಲ್ಲವಾದರೆ ಮನೆಯ ಮಾತೆಲ್ಲ ಸರ್ವರ್ ಪಾಲು. ಕಾಟ ಕೊಡುವ ಒಬ್ಬನ ದನಿಯನ್ನು ‘ವಿ’ ಮೆನುವಿನ ವಾಲ್ಯೂಮ್ ಪಟ್ಟಿಯಲ್ಲಿ ಸೊನ್ನೆಗೆ ಇಳಿಸಬಹುದು.

ಸರ್ವರ್ ನಡೆಸುವವರಿಗೂ ಒಂದು ಮಾತು, ಏಕೆಂದರೆ ಇಲ್ಲಿ ಆಗುವ ಎಡವಟ್ಟಿನಿಂದ ಸರ್ವರ್ ಒಂದೇ ರಾತ್ರಿಗೆ ಮಲಗಿದ ಉದಾಹರಣೆ ಕಡಿಮೆಯಿಲ್ಲ. ಟಿಸಿಪಿ, ಯುಡಿಪಿ ಎಂದರೆ ನೆಟ್‌ವರ್ಕ್‌ನಲ್ಲಿ ಮಾಹಿತಿ ಸಾಗುವ ಎರಡು ಬಗೆ, ಜೊತೆಗಿರುವ ಸಂಖ್ಯೆ ಪೋರ್ಟ್, ಅಂದರೆ ಬಾಗಿಲು. ಆಟ ಓಡುವುದು ಟಿಸಿಪಿ 25565ರಲ್ಲಿ. ಸಿಂಪಲ್ ವಾಯ್ಸ್ ಚಾಟ್ ಓಡುವುದು ಯುಡಿಪಿ 24454ರಲ್ಲಿ. ಎರಡೂ ಬೇರೆ ದಾರಿ. ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆದೆ ಎಂದು ಟಿಸಿಪಿ ತೆರೆದವರು, ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಪೋರ್ಟ್ ಬರೆದು ಕೊನೆಗೆ ಯುಡಿಪಿ ಎಂದು ಸೇರಿಸದವರು (ಬರೆಯದಿದ್ದರೆ ಡಾಕರ್ ಟಿಸಿಪಿ ಎಂದೇ ತಿಳಿಯುತ್ತದೆ), ಒಂದೇ ಮಷೀನ್‌ನ ಎರಡು ಸರ್ವರ್‌ಗೂ 24454 ಕೊಟ್ಟವರು, ಎಲ್ಲರಿಗೂ ಕಾಣುವುದು ಒಂದೇ ಲಕ್ಷಣ: ಆಟ ಚೆನ್ನಾಗಿ ನಡೆಯುತ್ತದೆ, ಮೂಲೆಯಲ್ಲಿ ಪ್ಲಗ್ ಕಿತ್ತ ಐಕಾನ್.

ಅಪಾಯ ಇರುವುದು ಟಿಸಿಪಿ ಮಾತ್ರ ಕಾಯುವ ಡಿಡಾಸ್ (ಸುಳ್ಳು ಸಂದಣಿ ಕಳಿಸಿ ಸರ್ವರ್ ಮಲಗಿಸುವ ದಾಳಿ) ರಕ್ಷಣೆಯ ಹಿಂದೆ ಸರ್ವರ್ ಇಟ್ಟಾಗ. ಆಟ ರಕ್ಷಣೆಯವರ ಐಪಿಗೆ ಹೋಗುತ್ತದೆ, ವಾಯ್ಸ್ ಕೂಡ ಅಲ್ಲಿಗೇ ಹೋಗಿ ಬಿದ್ದುಹೋಗುತ್ತದೆ. ಆಗ ಯಾರೋ ಕಾನ್ಫಿಗ್ ಫೈಲ್‌ನ ವಾಯ್ಸ್ ಹೋಸ್ಟ್ ಸಾಲಿನಲ್ಲಿ ಮಷೀನ್‌ನ ನಿಜವಾದ ಐಪಿ ಬರೆಯಿರಿ ಎನ್ನುತ್ತಾರೆ. ಬರೆದ ಕ್ಷಣ ಐಕಾನ್ ಸರಿಹೋಗುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಸಾಲು ಸರ್ವರ್ ಸೇರುವ ಪ್ರತಿಯೊಬ್ಬರ ಕ್ಲೈಂಟ್‌ಗೂ ಹೋಗುತ್ತದೆ. ನೀವು ಅಷ್ಟು ದಿನ ಬಚ್ಚಿಟ್ಟ ಐಪಿಯನ್ನು ನೀವೇ ಹಂಚಿದಂತಾಯಿತು. ನಿನ್ನೆ ಬ್ಯಾನ್ ಆದವನು ಹೊಸ ಅಕೌಂಟ್‌ನಲ್ಲಿ ಬಂದು ಒಂದು ನಿಮಿಷ ಇದ್ದು ಹೋದರೆ ಅವನಿಗೆ ಬೇಕಾದದ್ದು ಸಿಕ್ಕಿರುತ್ತದೆ. ವಾಯ್ಸ್ ಬೇಕೇ ಬೇಕೆಂದಾದರೆ ಯುಡಿಪಿಯನ್ನೂ ಸೋಸುವ ಹೋಸ್ಟಿಂಗ್ ಹಿಡಿಯಿರಿ. ಅಥವಾ ಅಂಥ ರಕ್ಷಣೆಯಿರುವ ಇನ್ನೊಂದು ಮಷೀನ್‌ನಲ್ಲಿ ವೆಲಾಸಿಟಿ ಪ್ರಾಕ್ಸಿ (ಆಟಗಾರರಿಗೂ ಸರ್ವರ್‌ಗೂ ನಡುವೆ ನಿಲ್ಲುವ ಪ್ರೋಗ್ರಾಂ) ಇಟ್ಟು, ಅದಕ್ಕೆ ಈ ಮಾಡ್‌ನದೇ ಪ್ರಾಕ್ಸಿ ಪ್ಲಗಿನ್ ಹಾಕಿ, ದನಿಯನ್ನು ಅಲ್ಲಿಂದ ಒಳಕ್ಕೆ ತನ್ನಿ. ಒಳಗಿನ ಮಷೀನ್‌ನ 24454ಕ್ಕೆ ಆ ಪ್ರಾಕ್ಸಿಯ ಐಪಿಯಿಂದ ಮಾತ್ರ ಪ್ರವೇಶ ಕೊಡಿ. ಐಪಿ ಈಗಾಗಲೇ ಹೊರಬಿದ್ದಿದ್ದರೆ ಆ ಸಾಲನ್ನು ಅಳಿಸಿ ಪ್ರಯೋಜನವಿಲ್ಲ. ಹೋಸ್ಟಿಂಗ್‌ನವರಿಂದ ಹೊಸ ಐಪಿ ಪಡೆಯಬೇಕು, ಹೊಸದನ್ನು ಯಾವ ಕಾನ್ಫಿಗ್‌ನಲ್ಲೂ, ಯಾವ ಡಿಎನ್‌ಎಸ್ (ಹೆಸರನ್ನು ಐಪಿಗೆ ಜೋಡಿಸುವ) ದಾಖಲೆಯಲ್ಲೂ ಬರೆಯದೆ ಮೊದಲು ಪ್ರಾಕ್ಸಿಯನ್ನು ನಿಲ್ಲಿಸಿಕೊಳ್ಳಬೇಕು.