ಟ್ರಂಕಿನಲ್ಲಿ ಉಳಿದ ನಾಲ್ಕು ಕೌದಿ: ಮಷಿನ್, ಕೂಲಿ, ಗಂಟು, ಕೈಸೂಜಿ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಡಾಂಬರು ಗುಳಿಗೆ ವಾಸನೆ ಜೊತೆ ನಾಲ್ಕು ಅರೆಬರೆ ಕೌದಿಗಳು, ಅಂದರೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆಗಳು, ಹೊರಗೆ ಬಂದವು. ಪ್ರತಿ ವರ್ಷ ಅವನ್ನು ಇಳಿಸೋದು, ಬಿಸಿಲಿಗೆ ಹಾಕೋದು, "ಈ ಸಲ ಮುಗಿಸೇಬಿಡ್ತೀನಿ" ಅನ್ನೋದು, ಮತ್ತೆ ಮಡಚಿ ಮೇಲಿಡೋದು. ನಮ್ಮ ಧಾರವಾಡದ ಮನೆಯಲ್ಲಿ ಹಬ್ಬದ ಜೊತೆ ಇದೂ ಒಂದು ಪದ್ಧತಿಯೇ ಆಗಿಹೋಗಿತ್ತು. ಈ ಸಲ ಅವ್ವ ಕಟ್ಟೆ ಮೇಲೆ ಕೂತು ನೋಡುತ್ತಿದ್ದಳು. "ನಾ ಹೋದಮ್ಯಾಲೆ ನನಗ ಹೊಚ್ಚಾಕ ಇಟ್ಟೀಯೇನವಾ ಇದನ್ನ?" ಅಂದಳು.

ಆ ಮಾತಿನ ಮೇಲೆ ಟ್ರಂಕು ಮತ್ತೆ ಮೇಲೆ ಹೋಗಲಿಲ್ಲ.

ನಾಲ್ಕರ ಕತೆಯೂ ಬೇರೆ ಬೇರೆ. ಒಂದು ಅವ್ವನೇ ಶುರು ಮಾಡಿದ್ದ ಕೌದಿ. ಐದಡಿ ಅಗಲ, ಏಳಡಿ ಉದ್ದ. ತಳಕ್ಕೆ ಅಪ್ಪನ ಧೋತರ, ನಡುವೆ ಎರಡು ಹಳೆ ಇಳಕಲ್ ಸೀರೆ, ಮೇಲೆ ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡ ಖಣದ ತುಂಡುಗಳು. 2011ರಲ್ಲಿ ಕಣ್ಣಿಗೆ ಪೊರೆ ಬಂದು ನಿಂತಿದ್ದು ಹಾಗೇ ನಿಂತಿತ್ತು. ಎರಡನೆಯದು 2020ರ ಲಾಕ್‌ಡೌನ್‌ನಲ್ಲಿ ವಿಡಿಯೋ ನೋಡಿ ನಾನು ಶುರು ಮಾಡಿದ್ದು. ಹೊಸ ಹತ್ತಿ ಬಟ್ಟೆಯ 120 ಚೌಕಗಳನ್ನು ಜೋಡಿಸಿ ಮೇಲ್ಪದರ ಮಾತ್ರ ಮುಗಿಸಿದ್ದೆ. ಮೂರನೆಯದು ತಂಗಿಯ ಮಗಳ ತೊಟ್ಟಿಲಿಗೆ ಅಂತ ಹಿಡಿದದ್ದು. ಆ ಹುಡುಗಿ ಈಗ ಐದನೇ ಕ್ಲಾಸು. ನಾಲ್ಕನೆಯದರ ಬಗ್ಗೆ ಜಾಸ್ತಿ ಹೇಳೋದು ಬೇಡ. ಹಳೆ ಉಣ್ಣೆ ರಗ್ಗಿನ ಮೇಲೆ ದರ್ಜಿ ಅಂಗಡಿಯ ಸ್ಯಾಟಿನ್ ಚೂರುಗಳು, ಅಷ್ಟೇ.

ನಾಲ್ಕನ್ನೂ ಒಂದೇ ದಾರಿಯಲ್ಲಿ ಮುಗಿಸೋದು ಬೇಡ, ನಾಲ್ಕು ದಾರಿ ನೋಡೋಣ ಅನಿಸಿತು. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಧೋತರ, ಸೀರೆ, ಖಣ ಎಲ್ಲ ಅದೇ ಕ್ರಮದಲ್ಲಿ ಇಟ್ಟು ಒಂದಡಿ ಚೌಕದ ಮೂರು ತುಂಡು ಮಾಡಿದೆ. ಒಂದಕ್ಕೆ ಕೈಹೊಲಿಗೆ, ಒಂದಕ್ಕೆ ಮಷಿನ್ ಹೊಲಿಗೆ, ಒಂದಕ್ಕೆ ಹೊಲಿಗೆಯಿಲ್ಲದೆ ಅಲ್ಲಲ್ಲಿ ಬರೀ ದಾರದ ಗಂಟು. ಮೂರನ್ನೂ ವಾಷಿಂಗ್ ಮಷಿನ್‌ನಲ್ಲಿ ಐದು ಸಲ ಒಗೆದೆ. ಕೈಹೊಲಿಗೆಯದು ಮೆತ್ತಗಾಗಿ ಸಣ್ಣ ಸಣ್ಣ ಸುಕ್ಕು ಬಂದು ಇನ್ನೂ ಚೆನ್ನಾಯಿತು. ಗಂಟಿನದು ಜೋಲಾಡಿತು. ಮಷಿನ್‌ನದು ನೋಡೋಕೆ ನೆಟ್ಟಗಿತ್ತು, ಆದರೆ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಎಳೆದೆ, ಹಳೆ ಸೀರೆ ಹೊಲಿಗೆಯ ಗೆರೆಗುಂಟ ಪರ್ರಂತ ಬಿಟ್ಟುಕೊಂಡಿತು. ಅಂಚೆ ಚೀಟಿ ಹರಿದ ಹಾಗೆ. ಸವೆದ ಸೀರೆಗಿಂತ ಪಾಲಿಯೆಸ್ಟರ್ ದಾರ ಗಟ್ಟಿ. ಎಳೆತ ಬಿದ್ದರೆ ದಾರ ಹರಿಯೋದಿಲ್ಲ, ಬಟ್ಟೆ ಹರಿಯುತ್ತದೆ. ಅಲ್ಲಿಗೆ ಅವ್ವನ ಕೌದಿಗೆ ಮಷಿನ್ ಇಲ್ಲ ಅಂತ ತೀರ್ಮಾನವಾಯಿತು.

ಹೊಸ ಬಟ್ಟೆಯ ಲಾಕ್‌ಡೌನ್ ಕೌದಿಗೆ ಮಾತ್ರ ಮಷಿನ್ನೇ ಸರಿ. ನಡುವೆ ಹಳೆ ಫ್ಲಾನೆಲ್ ಹೊದಿಕೆ ಹಾಕಿದೆ. ತಳದ ಬಟ್ಟೆಯನ್ನು ಮೊದಲೇ ಒಗೆದುಕೊಂಡೆ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಮೇಲ್ಪದರವನ್ನು ಎಳೆಯುತ್ತದೆ. ಹಾಲ್‌ನ ನೆಲಕ್ಕೆ ಹಾಸಿ ಒಂದು ಗೇಣಿಗೆ ಒಂದರಂತೆ ಪಿನ್ನು ಚುಚ್ಚೋದಕ್ಕೇ ಮೂರು ಗಂಟೆ ಬೇಕಾಯಿತು. ಮೊಣಕಾಲು ಬಿದ್ದುಹೋಯಿತು.

ಇಷ್ಟು ಮಾಡಿಯೂ ಮೊದಲ ಮೂರು ಗೆರೆ ಹಾಳಾದವು. ಮೇಲೆ ನೋಡಿದರೆ ಬಂಗಾರ, ತಿರುವಿ ನೋಡಿದರೆ ತಳದಲ್ಲಿ ನೆರಿಗೆ. ಮಷಿನ್ನಿನಲ್ಲಿ ಸೂಜಿಯ ಕೆಳಗಿರುವ ಹಲ್ಲು ತಳದ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಬಟ್ಟೆ ಒತ್ತಿಹಿಡಿಯುವ ಮೇಲಿನ ಫುಟ್ಟು ಮೇಲಿನ ಬಟ್ಟೆಯನ್ನು ಮುಂದಕ್ಕೆ ನೂಕುತ್ತದೆ. ಎರಡು ಪದರಕ್ಕೆ ಇದು ಗೊತ್ತಾಗೋದಿಲ್ಲ, ದಪ್ಪ ಕೌದಿಗೆ ಎದ್ದು ಕಾಣುತ್ತದೆ. ಒಂದು ಸಂಜೆ ಪೂರ್ತಿ ಬಿಚ್ಚುತ್ತಾ ಕೂತೆ. ಆಮೇಲೆ ವಾಕಿಂಗ್ ಫುಟ್ ತರಿಸಿದೆ. ಅದರಲ್ಲಿ ಮೇಲೂ ಹಲ್ಲು ಇರುತ್ತದೆ, ಎರಡೂ ಕಡೆಯಿಂದ ಬಟ್ಟೆ ಒಟ್ಟಿಗೆ ಸಾಗುತ್ತದೆ. ಸೂಜಿ 16 ನಂಬರಿಗೆ ಬದಲಿಸಿ, ಹೊಲಿಗೆಯ ಉದ್ದ ಮೂರೂವರೆ ಮಿಲಿಮೀಟರಿಗೆ ಇಟ್ಟ ಮೇಲೆ ಕೆಲಸ ಓಡಿತು. ಪ್ರತಿ ಜೋಡಣೆಯ ಎರಡೂ ಬದಿಗೆ ಒಂದೊಂದು ಗೆರೆ, ಒಟ್ಟು ಸುಮಾರು 200 ಅಡಿ ಹೊಲಿಗೆ, ನಾಲ್ಕು ಗಂಟೆ. ಕೈಯಲ್ಲಾದರೆ ಒಂದು ತಿಂಗಳಿನ ಕೆಲಸ. ಕಷ್ಟ ಇದ್ದದ್ದು ಒಂದೇ, ಸುರುಳಿ ಸುತ್ತಿದ ಕೌದಿಯನ್ನು ಮಷಿನ್ನಿನ ಕತ್ತಿನ ಕೆಳಗೆ ತೂರಿಸೋದು. ನಡುವಿನ ಗೆರೆಗಳಿಗೆ ಬಂದಾಗ ಕೌದಿಯ ಭಾರ ಹೊರೋದಕ್ಕೆ ಪಕ್ಕದಲ್ಲಿ ಮಗನನ್ನು ನಿಲ್ಲಿಸಿಕೊಂಡಿದ್ದೆ.

ನಾಲ್ಕು ಗಂಟೆ ಅಂದೆ, ಆದರೆ ಆ ನಾಲ್ಕು ಗಂಟೆ ಕೂಡಿಬರೋದಕ್ಕೆ ಆರು ವಾರ ಹಿಡಿಯಿತು ನೋಡಿ! ಮಷಿನ್ ಇರೋದು ಮೂಲೆಯಲ್ಲಿ, ಅದರ ಮೇಲೆ ಇಸ್ತ್ರಿ ಬಟ್ಟೆಯ ರಾಶಿ. ರಾಶಿ ಎತ್ತಬೇಕು, ಮೇಜು ಎಳೆಯಬೇಕು, ಬಾಬಿನ್ ತುಂಬಬೇಕು, ಕೌದಿ ಸುತ್ತಬೇಕು. ಒಂದು ಪೂರ್ತಿ ಭಾನುವಾರ ಸಿಗದೆ ಅದನ್ನು ಮುಟ್ಟುವ ಹಾಗಿಲ್ಲ. ಐದು ಭಾನುವಾರ ನೆಂಟರು, ಮದುವೆ, ನೆಗಡಿ. ಆರನೆಯದಕ್ಕೆ ಮುಗಿಯಿತು.

ತೊಟ್ಟಿಲ ಕೌದಿಯನ್ನು ಕೂಲಿಗೆ ಕೊಟ್ಟೆ. ನಾನು ಅರ್ಧ ಹೊಲಿದಿದ್ದೆ, ಹೊಲಿಗೆ ಎತ್ತಿನ ಮೂತ್ರದ ಹಾಗೆ ಸೊಟ್ಟ. ಅದನ್ನು ನೋಡಿದರೇ ಮುಟ್ಟೋದು ಬೇಡ ಅನಿಸುತ್ತಿತ್ತು. ಮೊದಲು ಒಂದು ಟೈಲರ್ ಅಂಗಡಿಗೆ ಕೊಟ್ಟಿದ್ದೆ. ಎರಡು ತಿಂಗಳು ಇಟ್ಟುಕೊಂಡು, ಕೊಟ್ಟ ಚೀಲದಲ್ಲೇ ವಾಪಸು ಕೊಟ್ಟರು, ಗಂಟೂ ಬಿಚ್ಚಿರಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಮನೆಯಲ್ಲೇ ಕೌದಿ ಹೊಲಿದುಕೊಡುವ ಒಬ್ಬ ಅಕ್ಕನ ಹತ್ತಿರ ಹೋದೆ. ಅವರು ಅರ್ಧ ಕೌದಿ ಬಿಡಿಸಿ ನೋಡಿ, "ಯಾರ ಹೊಲದಾರ್ರೀ ಇದನ್ನ?" ಅಂತ ಕೇಳಿದರು. ಸುಮ್ನೆ ನಿಂತೆ. "ಬಿಚ್ಚತೀನ್ರೀ ಮತ್ತ" ಅಂದರು. ಬಿಚ್ಚಿದರು.

ಅವರು ಹೊಲಿಯೋದನ್ನು ಎರಡು ಮಧ್ಯಾಹ್ನ ಕೂತು ನೋಡಿದೆ. ಪಿನ್ನಿಲ್ಲ, ಚೌಕಟ್ಟಿಲ್ಲ. ನೆಲಕ್ಕೆ ಬಿಗಿಯಾಗಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ತಾವೇ ಕೌದಿಯ ಮೇಲೆ ಕೂತು ಅಂಚಿನಿಂದ ಸುತ್ತು ಹಾಕುತ್ತಾ ಒಳಗೆ ಬರುತ್ತಾರೆ. ನಾನು ನೋಡಿದ್ದ ವಿಡಿಯೋಗಳಲ್ಲೆಲ್ಲ ಇದು ತಲೆಕೆಳಗು. ಅಲ್ಲಿ ನಡುವಿನಿಂದ ಶುರು ಮಾಡಿ ಹೊರಗೆ ಹೋಗಿ ಅನ್ನುತ್ತಾರೆ, ಬಟ್ಟೆಯ ಸಡಿಲು ಅಂಚಿನಿಂದ ಹೊರಗೆ ಹೋಗಲಿ ಅಂತ. ಒಳಗೆ ಬಂದರೆ ಆ ಸಡಿಲೆಲ್ಲ ನಡುವೆ ಸೇರಿ ಹೊಟ್ಟೆ ಬರುತ್ತದಲ್ಲ ಅಂತ ಕೇಳಿದೆ. ಅವರು ಅಂಗೈಯಿಂದ ಒಮ್ಮೆ ಸವರಿ ತೋರಿಸಿದರು. ಪ್ರತಿ ಸುತ್ತಿಗೂ ಹೀಗೆ ಸವರುತ್ತಾ, ಸಡಿಲು ಕಂಡಲ್ಲಿ ಕೂದಲೆಳೆಯಷ್ಟು ಮಡಿಕೆ ಹಾಕಿ ಅಲ್ಲೇ ಹೊಲಿದುಬಿಡುತ್ತಾರೆ. ಮೇಲಿನ ತುಂಡುಗಳನ್ನೂ ಮೊದಲೇ ಜೋಡಿಸಿಡೋದಿಲ್ಲ. ಹೊಲಿಗೆ ಎಲ್ಲಿಗೆ ಬಂದಿದೆಯೋ ಅಲ್ಲಿಗೆ ಬೇಕಾದ ತುಂಡು ಆರಿಸಿ, ಅಂಚು ಮಡಚಿ ಸೇರಿಸುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯೂ ಹೀಗೇ ಅಂಚಿನಿಂದ ಒಳಗೆ ಬರುತ್ತದೆ. ಅವರು ಮೂಲೆಗಳಿಗೆ 'ಫುಲಾ' ಅಂತ ಮಡಚಿದ ತ್ರಿಕೋನದ ತುಂಡು ಸೇರಿಸುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾದ ಹಾಗಲ್ಲ.

ತೊಟ್ಟಿಲ ಕೌದಿ ಈಗ ತೊಟ್ಟಿಲ ಅಳತೆಯಲ್ಲಿ ಇದ್ದು ಏನು ಉಪಯೋಗ? ಅಕ್ಕನೇ ಸುತ್ತ ಸೀರೆ ಸೇರಿಸಿ ನಾಲ್ಕಡಿ, ಆರಡಿಗೆ ಬೆಳೆಸಿಕೊಟ್ಟರು. ಒಂಬತ್ತು ದಿನ, 1,500 ರೂಪಾಯಿ. ಅವರ ಕೆಲಸ ನೋಡಿದ ಮೇಲೆ ಅದು ಕಡಿಮೆಯೇ. ಇನ್ನೊಂದು ಕೊಟ್ಟಾಗ ಕೂಲಿ ನಾನೇ ಏರಿಸಿ ಹೇಳಬೇಕು. ಒಂದೇ ಸಂಕಟ, ಅದರಲ್ಲಿ ನನ್ನ ಒಂದು ಹೊಲಿಗೆಯೂ ಉಳಿದಿಲ್ಲ. ತಂಗಿ ಫೋನ್ ಮಾಡಿ "ಎಷ್ಟು ಚೆಂದ ಹೊಲದೀಯೇ ಅಕ್ಕಾ" ಅಂದಳು. ನಿಜ ಹೇಳಲಿಕ್ಕೆ ಎರಡು ದಿನ ಬೇಕಾಯಿತು.

ಗಂಟಿನ ವಿಷಯ ಬೇಗ ಮುಗಿಸುತ್ತೇನೆ. ರಗ್ಗಿನ ಮೇಲೆ ಆರು ಇಂಚಿಗೊಂದರಂತೆ ಉಣ್ಣೆ ದಾರ ಚುಚ್ಚಿ ಮೇಲೆ ತೆಗೆದು ಗಂಟು ಹಾಕೋದು. ನಾಲ್ಕಡಿ, ಐದಡಿಯ ಕೌದಿಗೆ 63 ಗಂಟು, ಒಂದು ಸಂಜೆ. ಇಷ್ಟು ಬೇಗ ಮುಗಿಯೋದು ಬೇರೆ ಯಾವುದೂ ಇಲ್ಲ. ಆದರೆ ರಾತ್ರಿ ಹೊದ್ದರೆ ಗಂಟುಗಳ ನಡುವಿನ ಸಡಿಲಿಗೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಒಗೆದ ಮೇಲೆ ಸ್ಯಾಟಿನ್ ಅಂಚು ಎಳೆ ಬಿಡತೊಡಗಿತು. ಅವ್ವ ಅದನ್ನು ಕೌದಿ ಅಂತ ಒಪ್ಪಲೇ ಇಲ್ಲ. ಬೆಕ್ಕು ಒಪ್ಪಿತು. ಈಗ ಅದು ಬೆಕ್ಕಿನದೇ.

ಇನ್ನು ಕೈಸೂಜಿ. ಅವ್ವನ ಕೌದಿ ಬಿಡಿಸಿದಾಗ ಸೂಜಿ ಇನ್ನೂ ಅದರಲ್ಲೇ ಇತ್ತು. ಕೊನೆಯ ಹೊಲಿಗೆ ಹಾಕಿ, ನಾಳೆ ಮುಂದುವರಿಸೋಣ ಅಂತ ಚುಚ್ಚಿಟ್ಟ ಸೂಜಿ. ತುಕ್ಕು ಹಿಡಿದು ಬಟ್ಟೆಗೆ ಅಂಟಿತ್ತು. ಎಳೆದರೆ ಕಣ್ಣಿನ ಹತ್ತಿರ ಮುರಿಯಿತು. ಕೆಳಗೆ ಹೆಸರುಕಾಳಿನಷ್ಟು ಕಂದು ಕಲೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟೆ, ಎರಡು ಸಲ. ಚಹಾ ಬಣ್ಣಕ್ಕೆ ಬಂದು ನಿಂತಿತು. ಮೇಲೆ ತುಂಡು ಹಚ್ಚಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ. ಸುತ್ತಿನಿಂದ ಸುತ್ತಿಗೆ ಮುಕ್ಕಾಲು ಇಂಚು. ಹಾಗಾದರೆ ಅಂಚಿನಿಂದ ನಡುವಿಗೆ 40 ಸುತ್ತು, ಸುಮಾರು 560 ಅಡಿ ಹೊಲಿಗೆ. ಇಂಚಿಗೆ ಮೂರು ಟಾಕು ಹಿಡಿದರೆ 20,000 ಟಾಕು. ಅವ್ವ 16 ಸುತ್ತು ಮುಗಿಸಿದ್ದಳು. ಸುತ್ತಿನ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ, ಆದರೆ ಹೊರಗಿನ ಸುತ್ತುಗಳು ದೊಡ್ಡವು. ಉದ್ದ ಅಳೆದರೆ 320 ಅಡಿ ಅವಳದು, ನನಗೆ ಉಳಿದದ್ದು 240 ಅಡಿ ಮಾತ್ರ. ಅರ್ಧ ಗಂಟೆಗೆ ನನ್ನ ಕೈಯಲ್ಲಿ ಏಳೆಂಟು ಅಡಿ ಆಗುತ್ತಿತ್ತು. ಮೊದಲ ಸುತ್ತೇ 16 ಅಡಿ, ಎರಡು ದಿನ.

ಶುರುವಿನಲ್ಲಿ ದಬ್ಬಣ ಹಿಡಿದೆ, ತೂತು ದೊಡ್ಡದಾಯಿತು. ಉದ್ದನೆಯ ಸಣ್ಣ ಸೂಜಿಗೆ ಬಂದೆ. ದಾರ ಹತ್ತಿಯದೇ, ಜೋಡಿ ಎಳೆ, ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕುಗಟ್ಟೋದಿಲ್ಲ. "ಮೊಳಕ್ಕಿಂತ ಉದ್ದ ತಗೋಬ್ಯಾಡ" ಅಂತ ಅವ್ವ ದಿನಾ ಹೇಳುವಳು, ನಾನು ದಿನಾ ಎರಡು ಮೊಳ ತೆಗೆದು ಸಿಕ್ಕು ಬಿಡಿಸುತ್ತಾ ಕೂರುವೆನು. ಖಣದ ಅಂಚು ಬೇಗ ಎಳೆ ಬಿಡುತ್ತದೆ, ಅರ್ಧ ಇಂಚು ಒಳಗೆ ಮಡಚಲೇಬೇಕು. ಮೊದಲ ವಾರ ತೋರುಬೆರಳ ಬದಿ ಸೀಳಿತು. ಅಂಗುಸ್ತಾನ ಹಾಕೋದು ಅಭ್ಯಾಸ ಆಗುವ ಹೊತ್ತಿಗೆ ಚರ್ಮವೇ ಗಟ್ಟಿಯಾಗಿತ್ತು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಎಲ್ಲಕ್ಕಿಂತ ನಿಧಾನದ ಈ ಕೆಲಸ ಒಂದು ಸಲವೂ ನಿಲ್ಲಲಿಲ್ಲ. ಕೌದಿ ಮಂಚದ ಪಕ್ಕ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ಅನ್ನ ಬೇಯುವಾಗ ನಾಲ್ಕು ಟಾಕು, ಸ್ಪೀಕರಿನಲ್ಲಿ ತಂಗಿಯ ಜೊತೆ ಮಾತಾಡುವಾಗ ಒಂದು ಗೆರೆ. ಮೇಜು ಎಳೆಯೋದಿಲ್ಲ, ಭಾನುವಾರ ಕಾಯೋದಿಲ್ಲ. ಏಳು ವಾರದಲ್ಲಿ ಮುಗಿಯಿತು, ಮಷಿನ್ ಕೌದಿಗಿಂತ ಒಂದೇ ವಾರ ಜಾಸ್ತಿ. ಅದಕ್ಕೇ ಯಾರಾದರೂ ಕೇಳಿದರೆ ಮೊದಲು ಬಟ್ಟೆ ಹಳೆಯದೋ ಹೊಸದೋ ಅಂತ ಕೇಳುತ್ತೇನೆ, ಆಮೇಲೆ ಮನೆಯಲ್ಲಿ ಮಷಿನ್ ಎಲ್ಲಿದೆ ಅಂತ. ಸದಾ ತೆರೆದ ಮೇಜಿನ ಮೇಲೆ ಇದ್ದು, ಬಟ್ಟೆಯೂ ಹೊಸದಾಗಿದ್ದರೆ ಮಷಿನ್ನೇ ಹಿಡಿಯಿರಿ. ನೋಡಿದರೇ ಬೇಸರ ಬರುವ ಕೌದಿ ಇದ್ದರೆ ಕೂಲಿಗೆ ಕೊಟ್ಟುಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ. ಗಂಟು ಮಾತ್ರ ಬೆಕ್ಕು ಸಾಕಿದವರಿಗೆ.

ಒಳಗೆ ಬರುತ್ತಾ ಬರುತ್ತಾ ಸುತ್ತು ಚಿಕ್ಕದಾಗಿ, ಕೊನೆಗೆ ನಡುವೆ ಎರಡಡಿ ಉದ್ದದ ಒಂದೇ ಗೆರೆ ಉಳಿಯಿತು. ಅದನ್ನು ಮುಚ್ಚುವ ಮೊದಲು ಅವ್ವ ಅಡುಗೆಮನೆಯಿಂದ ನಾಲ್ಕು ಅಕ್ಕಿಕಾಳು ತಂದು ಪದರದ ಒಳಗೆ ತುರುಕಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಮುಗಿಸಿ ಅವಳ ತೊಡೆಯ ಮೇಲೆ ಹಾಕಿದೆ. ಈಗ ಅವಳಿಗೆ ಸಣ್ಣದು ಕಾಣೋದಿಲ್ಲ. ಕೌದಿ ತಿರುವಿ, ಹಿಂಬದಿಯಲ್ಲಿ ಅಂಚಿನಿಂದ ಹೆಬ್ಬೆರಳು ಆಡಿಸುತ್ತಾ ಬಂದಳು. ಒಂದು ಕಡೆ ಬೆರಳು ನಿಂತಿತು. ಬಗ್ಗಿ ನೋಡಿದೆ, ತುಕ್ಕಿನ ಕಲೆಗೆ ಒಂದು ಅಂಗುಲ ಆಚೆ.

"ಇಲ್ಲಿಂದ ನಿಂದು," ಅಂದಳು. "ಟಾಕ ದೊಡ್ಡೂ ಬಿದ್ದಾವ."