1965-66ರ ಫೋರ್ಡ್ ಮಸ್ಟಾಂಗ್‌ಗೆ ಅಗಲ ಟೈರ್: 15 ಇಂಚೋ, 17 ಇಂಚೋ?

ಮೊದಲು ಒಂದು ವೀಲಿನ ನಟ್ಟು ಎಣಿಸಿ: ವಿ8 (ಎಂಟು ಸಿಲಿಂಡರಿನ) ಗಾಡಿಗೆ ಐದು, ಆರು ಸಿಲಿಂಡರಿನದಕ್ಕೆ ನಾಲ್ಕೇ. ನಾಲ್ಕಿದ್ದರೆ ವೀಲ್‌ಗಳ ಆಯ್ಕೆ ತೀರಾ ಕಡಿಮೆ.

15×7 (ವ್ಯಾಸ × ಅಗಲ, ಇಂಚಿನಲ್ಲಿ) ರಿಮ್‌ಗೆ 225/60 ಟೈರ್ (ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ ಶೇ. 60) ಹಾಕಿದರೆ ಪಕ್ಕದ ಗೋಡೆ 135 ಮಿ.ಮೀ. ಗುಂಡಿಗೆ ಬಿದ್ದರೂ ಮೈ ನಡುಗದು, ಹಳೆಯ ಗತ್ತೂ ಉಳಿಯುತ್ತದೆ. ಆದರೆ ಈ ಅಳತೆಯಲ್ಲಿ ಒಳ್ಳೆ ಹಿಡಿತದ ಟೈರ್ ಸಿಗುವುದು ಕಷ್ಟ.

17×8ಕ್ಕೆ 245/45 ಹಾಕಿದರೆ ಗೋಡೆ 110 ಮಿ.ಮೀ.ಗೆ ಇಳಿಯುತ್ತದೆ, ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ದೊಡ್ಡ ಡಿಸ್ಕ್ ಬ್ರೇಕಿಗೆ ಜಾಗ, ತಿರುವಿನಲ್ಲಿ ಚುರುಕು. ಆದರೆ ಈ ಅಗಲ ಹಿಂದಕ್ಕೆ ಮಾತ್ರ, ಮುಂದೆ 225 ಸಾಕು. ಪವರ್ ಸ್ಟೀರಿಂಗ್ ಇಲ್ಲದಿದ್ದರೆ ಪಾರ್ಕಿಂಗಿನಲ್ಲಿ ತೋಳು ಸೋಲುತ್ತದೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ವೀಲ್ ಗಾಡಿಗೆ ಕೂರುವ ಮುಖಕ್ಕಿರುವ ದೂರ) ತಪ್ಪಿದರೆ ಹಿಂದಿನ ಫೆಂಡರಿನ ಒಳ ಅಂಚು ಟೈರನ್ನು ಕೊಯ್ಯುತ್ತದೆ.

ವಾರಾಂತ್ಯದ ಸುತ್ತಾಟಕ್ಕೆ ನನ್ನ ಮತ 15ಕ್ಕೇ. ಬ್ರೇಕನ್ನೂ ಬದಲಿಸುವುದಿದ್ದರೆ ಮಾತ್ರ 17.